ಹೆಲ್ಮಿಯ ಕಿಟಕಿಯ ಅಳತೆ

ವಿನಿಪೆಗ್
ಸೆಪ್ಟೆಂಬರ್ 17, 1961

ಪ್ರೀತಿಯ ರೇಯ್ನೊ,

ನನ್ನನ್ನು ತೆಗೆದುಕೊಂಡರು, ಎರಡು ವಾರ ಪರೀಕ್ಷೆಗೆಂದು ಇಟ್ಟುಕೊಂಡು ಕೊನೆಗೆ ನಿನ್ನೆ ಗೋಡೆಗೆ ಅಂಟಿಸಿದ ಹೆಸರುಗಳಲ್ಲಿ ನನ್ನದೂ ಇದೆ, ನಾನೀಗ ನರ್ಸಿಂಗ್ ಶಾಲೆಯ ವಿದ್ಯಾರ್ಥಿನಿ. ತಮಾಷೆ ಏನು ಗೊತ್ತೇ? ಹೆಸರು ಕಣ್ಣೆದುರಿಗೇ ಇದ್ದರೂ ನನಗೆ ಕಾಣಲಿಲ್ಲ. ತೈಮಿ ರಂತಲ ಎಂದು ಬರೆದಿತ್ತು. ಯಾರಪ್ಪ ಈ ರಂತಲ, ಅದೃಷ್ಟವಂತೆ, ಎಂದುಕೊಂಡು ಅಳುವುದಕ್ಕೆ ಸಿದ್ಧಳಾದೆ. ಮದುವೆಯಾಗಿ ಐದು ವಾರವಾದರೂ ನಿನ್ನ ಮನೆತನದ ಹೆಸರು ನನ್ನ ಮೈಗೆ ಇನ್ನೂ ಹೊಂದಿಕೊಂಡಿಲ್ಲ ನೋಡು.

ನಮ್ಮದು ಎಳೆ ಹುಡುಗಿಯರ ತರಗತಿಯಲ್ಲ. ಎಲ್ಲರೂ ಆಸ್ಪತ್ರೆಗಳ ಅಡುಗೆಮನೆ, ಒಗೆಯುವ ಕೋಣೆ, ವಾರ್ಡುಗಳಲ್ಲಿ ದುಡಿದು ಬಂದವರು. ಪರಾಸ್ಕ ಎಂಬ ಉಕ್ರೇನಿನ ವಿಧವೆಯೊಬ್ಬಳಿದ್ದಾಳೆ, ಐವತ್ತು ದಾಟಿದೆ, ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. ಈ ವಯಸ್ಸಿಗೆ ಯಾಕೆ ಬಂದೆ ಎಂದು ಯಾರೋ ಕೇಳಿದ್ದಕ್ಕೆ, "ಇಪ್ಪತ್ತು ವರ್ಷ ಡಾಕ್ಟ್ರುಗಳ ಬೂಟು ನೋಡಿದ್ದಾಯ್ತು, ಇನ್ನು ಮುಖ ನೋಡೋಣ ಅಂತ" ಎಂದಳು. ನಾನು ಅವಳ ಪಕ್ಕದಲ್ಲೇ ಕೂರುತ್ತೇನೆ. ಕ್ಷಯದ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಹಾಸಿಗೆ ಬಟ್ಟೆ ಒಗೆದದ್ದು ದಂಡವಾಗಲಿಲ್ಲ. ಯಾವ ಕಲೆ ಯಾವ ಕಾಯಿಲೆಯದು ಎಂದು ನಮ್ಮ ಟೀಚರ್ ಮಿಸ್ ಡನ್‌ಬಾರ್ ಕೇಳಿದರೆ ಮೊದಲು ಏಳುವುದು ನನ್ನ ಕೈಯೇ.

ಜೂನ್‌ವರೆಗೆ ತಡೆದುಕೋ. ಆಮೇಲೆ ಟಮರಾಕ್ ಸ್ಟೇಷನ್ನಿನ ತಂತಿ ಮಾಸ್ತರನ ಹೆಂಡತಿ ಬಿಳಿ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಸ್ಟೇಷನ್ ಮನೆಯ ಕಿಟಕಿಗೆ ಇಲ್ಲಿ ಹಳದಿ ಪಟ್ಟೆಯ ಬಟ್ಟೆ ನೋಡಿಟ್ಟಿದ್ದೇನೆ. ನೀನು ಮಾತ್ರ ಉತ್ತರವನ್ನು ತಂತಿಯಲ್ಲಿ ಬಡಿಯಬೇಡ. ನೀನು ಬಡಿದದ್ದನ್ನು ಲೈನಿನ ಅಷ್ಟೂ ಸ್ಟೇಷನ್ನುಗಳಲ್ಲಿ ಕಿವಿಗೊಟ್ಟು ಕೇಳುತ್ತಾರೆ, ಸ್ಟೋನಿ ನ್ಯಾರೋಸಿನಲ್ಲಿ ತಂತಿ ಬಡಿಯುವ ನನ್ನ ತಮ್ಮ ಉರ್ಹೊ ಎಲ್ಲರಿಗಿಂತ ಮೊದಲು. ಅವನ ಹೆಂಡತಿ ಹೆಲ್ಮಿಗೆ ಜನವರಿಯಲ್ಲಿ ದಿನ ತುಂಬುತ್ತದಂತೆ. ನಾನು ಅತ್ತೆಯಾಗುತ್ತೇನೆ ರೇಯ್ನೊ.

ನಿನ್ನ, ನಿನ್ನದೇ
ತೈಮಿ

*

ಟಮರಾಕ್
ಸೆಪ್ಟೆಂಬರ್ 23

ತೈಮಿ,

ಪತ್ರ ಸಿಕ್ಕಿತು. ತೆಗೆದುಕೊಂಡರು ಎಂದು ತಿಳಿಯಿತು. ಸಂತೋಷವಾಯಿತು. ಹಳಿ ರಿಪೇರಿಯ ಗ್ಯಾಂಗ್ ಮೇಸ್ತ್ರಿ ವೇಯ್ಕೊನಿಗೆ ಹೇಳಿದೆ. "ಹೆಂಡ್ತಿ ಶಾಲೆಗೆ, ಗಂಡ ಒಲೆ ಮುಂದೆ, ಕಾಲ ಬದಲಾಯ್ತಪ್ಪ" ಎಂದ. ಅವನ ಮಾತು ನಿನಗೆ ಗೊತ್ತೇ ಇದೆ.

ಆಲೂಗಡ್ಡೆ ಅಗೆದಾಯಿತು. ಶನಿವಾರ ಉಗಿಸ್ನಾನಕ್ಕೆ ಸೌನಾ ಕಾಯಿಸಿದೆ, ಒಬ್ಬನಿಗೇ ಹೆಚ್ಚಾಯಿತು. ಕಂಪನಿಯಿಂದ ಇಬ್ಬರು ಬಂದು ಪ್ಲಾಟ್‌ಫಾರಂ ಅಳೆದು ಹೋದರು, ಮನೆಯನ್ನೂ ಅಳೆದರು.

ಕಿಟಕಿಗೆ ಬಟ್ಟೆ ಈಗಲೇ ಕೊಳ್ಳಬೇಡ.

ಒಂದು ವಿಷಯ ಕೇಳಬೇಕೆಂದಿದ್ದೆ. ತರಗತಿಯಲ್ಲಿ ಉತ್ತರ ತಪ್ಪಾದರೆ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಾರೆಯೇ? ಕೂರಲು ಕೊಟ್ಟಿರುವುದು ಎಂಥ ಬೆಂಚು? ಲೆಕ್ಕ ಇದೆಯೇ?

ರೇಯ್ನೊ

*

ವಿನಿಪೆಗ್
ಅಕ್ಟೋಬರ್ 12

ಪ್ರೀತಿಯ ರೇಯ್ನೊ,

ಸುಗ್ಗಿ ಹಬ್ಬದ ರಜೆಗೆ ಬರುತ್ತೇನೆ ಎಂದಿದ್ದವನು ಬರಲಿಲ್ಲ. ಮನೆಯೊಡತಿ ಮಿಸೆಸ್ ಟೇಟ್ ನಿನಗೆಂದು ಕುಂಬಳದ ಪೈ ಎತ್ತಿಟ್ಟಿದ್ದಳು. ಎರಡು ದಿನ ಕಾದು ಅದನ್ನು ನಾನೂ ಪರಾಸ್ಕಳೂ ತಿಂದು ಮುಗಿಸಿದೆವು. ನಾನು ರೈಲು ನಿಲ್ದಾಣಕ್ಕೆ ಎರಡು ಸಲ ಹೋಗಿದ್ದೆ. ಇನ್ನು ಅದರ ಮಾತು ಎತ್ತುವುದಿಲ್ಲ.

ಬೈಯುತ್ತಾರೆಯೇ, ಎಂಥ ಬೆಂಚು ಎಂದೆಲ್ಲ ಕೇಳಿದ್ದೀಯಲ್ಲ, ನಿನ್ನ ಹೆಂಡತಿಯನ್ನು ಯಾರೂ ಗೋಳುಹೊಯ್ದುಕೊಳ್ಳುತ್ತಿಲ್ಲ, ನೀನು ಮರುಗುವುದು ಬೇಡ. ಚಿಕ್ಕಂದಿನಿಂದ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ನಾನು, ಗದರುವ ಟೀಚರುಗಳನ್ನು ಎಷ್ಟೋ ಕಂಡಿದ್ದೇನೆ. ಲೆಕ್ಕವೂ ಇದೆ. ಇಷ್ಟು ತೂಕದ ರೋಗಿಗೆ ಎಷ್ಟು ಹನಿ ಔಷಧ ಎಂಬ ಲೆಕ್ಕ. ಅದು ಅದರ ಪಾಡಿಗೆ ನಡೆಯುತ್ತಿದೆ. ಅದನ್ನು ಬಿಟ್ಟು ಬೇರೆ ಏನನ್ನಾದರೂ ಕೇಳು. ಮೊನ್ನೆ ನಾನು ಮೊದಲ ಬಾರಿಗೆ ಒಬ್ಬ ಮುದುಕನಿಗೆ ಹಾಸಿಗೆಯಲ್ಲೇ ಸ್ನಾನ ಮಾಡಿಸಿದೆ. ಮುಗಿದ ಮೇಲೆ ಅವನು ನನ್ನ ಕೈ ಹಿಡಿದು "ಸಿಸ್ಟರ್" ಎಂದ. ನಾನಿನ್ನೂ ಸಿಸ್ಟರ್ ಅಲ್ಲ ತಾತ ಎನ್ನಬೇಕೆಂದುಕೊಂಡೆ, ಹೇಳಲಿಲ್ಲ. ಕೇಳಲು ಅಷ್ಟು ಸುಖವಾಗಿತ್ತು.

ಬಟ್ಟೆ ಕೊಂಡುಬಿಟ್ಟೆ. ಬೈದುಕೋ.

ಸುಗ್ಗಿ ಹಬ್ಬಕ್ಕೆ ಯಾಕೆ ಬರಲಿಲ್ಲ?

ತೈಮಿ

*

ಟಮರಾಕ್
ಅಕ್ಟೋಬರ್ 27

ತೈಮಿ,

ಪತ್ರ ಸಿಕ್ಕಿತು. ಹಬ್ಬಕ್ಕೆ ಬರಲಾಗಲಿಲ್ಲ. ಕಚೇರಿಯ ಕೆಲಸವಿತ್ತು.

ಹೊಸ ವರ್ಷದಿಂದ ನನ್ನನ್ನು ಬೇರೆ ಸ್ಟೇಷನ್ನಿಗೆ ಹಾಕಬಹುದು. ಇನ್ನೂ ಗಟ್ಟಿಯಾಗಿಲ್ಲ. ಇದೇ ಲೈನು, ಪಶ್ಚಿಮಕ್ಕೆ, ನಿನಗೆ ಇನ್ನೂ ಹತ್ತಿರ. ಮನೆ ನಮ್ಮದರಂತೆಯೇ ಇದೆ, ಹಿಂದೆ ಒಂದು ಕೋಣೆ ಹೆಚ್ಚಿಗೆ ಕಟ್ಟಿದ್ದಾರೆ. ನೀನು ಓದು ಮುಗಿಸಿ ಬರುವಷ್ಟರಲ್ಲಿ ನೆಲೆಗೊಂಡಿರುತ್ತೇನೆ. ಶಾಲೆ ಬಿಡುವ ಯೋಚನೆ ಯಾವ ಕಾರಣಕ್ಕೂ ಮಾಡಬೇಡ.

ಉರ್ಹೊ ನಿನಗೆ ಬರೆಯುತ್ತಿರುತ್ತಾನೆಯೇ?

ರೇಯ್ನೊ

*

ವಿನಿಪೆಗ್
ನವೆಂಬರ್ 1

ನನ್ನ ಮುದ್ದಿನ ಮೂಗ ಗಂಡನೇ,

ಇಂಥ ಸುದ್ದಿಯನ್ನು ಯಾರಾದರೂ ಪತ್ರದ ಮಧ್ಯದಲ್ಲಿ, ಆಲೂಗಡ್ಡೆ ಅಗೆದೆ ಎನ್ನುವ ಧಾಟಿಯಲ್ಲಿ ಬರೆಯುತ್ತಾರೆಯೇ? ಬಡ್ತಿ ತಾನೇ? ಇಲ್ಲ ಎನ್ನಬೇಡ. ಒಂದು ಕೋಣೆ ಹೆಚ್ಚು, ನನಗೆ ಇನ್ನೂ ಹತ್ತಿರ, ಮತ್ತೆ ಆ ಗುಟ್ಟು ಬೇರೆ. ಯಾವ ಸ್ಟೇಷನ್ ಎಂದು ಹೇಳದೆ ನನ್ನನ್ನು ಕಾಡಿಸುತ್ತಿದ್ದೀಯ. ಇರಲಿ, ಹೇಳಬೇಡ. ಮಿಸೆಸ್ ಟೇಟಳನ್ನು ಅಡುಗೆಮನೆಯಲ್ಲಿ ಎಳೆದಾಡಿ ಕುಣಿಸಿದೆ. ಅವಳು ಸ್ಕಾಟ್ಲೆಂಡಿನ ಶುದ್ಧ ಪ್ರೆಸ್ಬಿಟೇರಿಯನ್, ಕುಣಿತವೆಂದರೆ ಪಾಪ ಎನ್ನುವ ಚರ್ಚಿನವಳು, ಕುಣಿದದ್ದು ಬಹುಶಃ ಅದೇ ಮೊದಲು.

ಪರದೆ ಹೊಲಿಯಲು ಶುರು ಮಾಡಬೇಕು. ನಮ್ಮ ಮನೆಯ ಕಿಟಕಿ ಅಳೆ ಎಂದರೆ ನೀನು ಮುಂದಿನ ಈಸ್ಟರಿಗೆ ಅಳೆಯುತ್ತೀಯ. ಕಂಪನಿ ಈ ಲೈನಿನ ಮನೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಕಟ್ಟಿದೆಯಲ್ಲವೇ, ಅದಕ್ಕೇ ಉಪಾಯ ಮಾಡಿದೆ: ಹೆಲ್ಮಿಗೆ ಬರೆದು, ರೇಯ್ನೊನಿಗೆ ಹೊಸ ವರ್ಷದಿಂದ ನಿಮ್ಮ ಕಡೆಯೇ ಇನ್ನೊಂದು ಸ್ಟೇಷನ್ ಆಗುತ್ತಿದೆ, ಹಿಂದೆ ಕೋಣೆ ಇರುವ ಮನೆಯಂತೆ, ನಿನ್ನ ಮನೆಯ ಕಿಟಕಿ ಅಳೆದು ಕಳಿಸು, ನಮ್ಮದಕ್ಕೂ ಅದೇ ಅಳತೆ ಆಗುತ್ತದೆ ಎಂದೆ. ಅವಳದು ಅಚ್ಚುಕಟ್ಟು ಕೈ. ನಾಳೆಯೇ ಕಳಿಸುತ್ತಾಳೆ ನೋಡು.

ಹತ್ತು ಸಲ ನಿನ್ನವಳು
ತೈಮಿ

*

ವಿನಿಪೆಗ್
ನವೆಂಬರ್ 13

ರೇಯ್ನೊ,

ಹೆಲ್ಮಿಯ ಉತ್ತರ ಬಂತು. ಅವಳು ಬರೆದದ್ದನ್ನು ಹಾಗೆಯೇ ಬರೆಯುತ್ತೇನೆ. "ಅಕ್ಕಾ, ಕಿಟಕಿ ಅಳೆದಿದ್ದೀನಿ. ಬೇರೆ ಮನೆಗೆ ಹೊಂದುತ್ತೋ ಇಲ್ವೋ ಅಂತ ಯೋಚನೆ ಬೇಡ, ಇದೇ ಮನೆಗೆ ತಾನೇ ನೀವು ಬರೋದು. ಹಿಂದಿನ ಕೋಣೆ ಇರೋದು ನಮ್ಮದೊಂದಕ್ಕೇ, ನೀನು ಶಾಲೆಗೆ ಹೋದ ಮೇಲೆ ಕಟ್ಟಿದ್ದು. ಪರದೆ ನೇತುಹಾಕೋಕೆ ಮುಂಚೆ ನನ್ನ ತೊಟ್ಟಿಲು ಎಲ್ಲಿಗೆ ಎತ್ತಿಕೊಂಡು ಹೋಗಲಿ ಅಂತ ಭಾವನ್ನ ಕೇಳಿ ಹೇಳು."

ಕೆಳಗೆ ಅಳತೆ ಇದೆ. ಉದ್ದ, ಅಗಲ, ಮಡಿಕೆಗೆ ಎಷ್ಟು ಬಿಡಬೇಕು ಎಂಬುದೂ ಇದೆ.

ಅವಳೇ ಬರೆದಿದ್ದಾಳೆ, ಟಮರಾಕ್ ಮುಚ್ಚುತ್ತದೆ ಎಂದು ಲೈನಿನಲ್ಲಿ ಒಂದು ತಿಂಗಳಿಂದ ಗಾಳಿಮಾತಿತ್ತಂತೆ. ಕೆಲಸ ಕಳೆದುಕೊಂಡ ಹಿರಿಯವನು ಸೇವೆಯಲ್ಲಿ ತನಗಿಂತ ಕಿರಿಯವನೊಬ್ಬನನ್ನು ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂರಬಹುದು ಎಂಬ ನಿಯಮ ನನಗೂ ಗೊತ್ತು. ರೈಲಿನವರ ಮನೆಯಲ್ಲೇ ಹುಟ್ಟಿದವಳು ನಾನು. ಆದರೆ ನೀನು ಎಬ್ಬಿಸುತ್ತಿರುವುದು ಉರ್ಹೊನನ್ನು ಎಂದು ಅವರಿಗೆ ತಿಳಿದದ್ದು ನನ್ನ ಪತ್ರದಿಂದ. ನಾನು ನಗುನಗುತ್ತಾ, ಅವಳ ಮನೆಯನ್ನು ಅವಳ ಕೈಯಿಂದಲೇ ಅಳೆಸಿದೆ.

ಹೌದೋ ಅಲ್ಲವೋ ಎಂದು ಬರೆ.

ತೈಮಿ

*

ಟಮರಾಕ್
ನವೆಂಬರ್ 17

ತೈಮಿ,

ಹೌದು. ಆದರೆ ಇನ್ನೂ ಸಹಿ ಮಾಡಿಲ್ಲ.

ಮೊದಲಿನಿಂದ ಹೇಳುತ್ತೇನೆ. ಡಿಸೆಂಬರ್ ಕೊನೆಗೆ ಟಮರಾಕ್ ಮುಚ್ಚುತ್ತದೆ. ಇನ್ನು ಮುಂದೆ ಈ ಲೈನಿನ ಸಿಗ್ನಲ್ಲುಗಳನ್ನೆಲ್ಲ ಒಂದೇ ಕಡೆ ಕುಳಿತು ವಿದ್ಯುತ್ತಿನಿಂದ ನಡೆಸುತ್ತಾರಂತೆ. ತಂತಿ ಬಡಿಯುವವರು ಬೇಕಿಲ್ಲ. ಅಳೆಯಲು ಬಂದವರು ಅದಕ್ಕೇ ಬಂದದ್ದು. ನಿನ್ನ ಹೆಸರು ಗೋಡೆಯ ಮೇಲೆ ಬಂದ ಪತ್ರ, ಈ ನೋಟೀಸು ಎರಡೂ ಒಂದೇ ರೈಲಿನಲ್ಲಿ ಬಂದವು. ನಿನ್ನ ಪತ್ರ ಓದಿದ ಮೇಲೆ ನೋಟೀಸಿನ ವಿಷಯ ಬರೆಯಲು ಕೈ ಬರಲಿಲ್ಲ.

ನನಗಿಂತ ಕಿರಿಯವರ ಸ್ಟೇಷನ್ನುಗಳೆಲ್ಲ ಮುಚ್ಚುವ ಪಟ್ಟಿಯಲ್ಲೇ ಇವೆ, ಉರ್ಹೊ ಇರುವ ಸ್ಟೋನಿ ನ್ಯಾರೋಸ್ ಒಂದನ್ನು ಬಿಟ್ಟು. ಅವನನ್ನು ಎಬ್ಬಿಸಿದರೆ ಅವನಿಗೆ ಎಬ್ಬಿಸಲು ಯಾರೂ ಉಳಿದಿಲ್ಲ. ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಅವನಿಗೆ ತಂತಿ ಕಲಿಸಿದವನು ನಾನು. ಈಗಲೂ ಅವನು ಬಡಿದರೆ ಹೆಸರು ಹೇಳುವ ಮೊದಲೇ ಇದು ಉರ್ಹೊ ಎಂದು ನನಗೆ ತಿಳಿಯುತ್ತದೆ. ತಂತಿಯಲ್ಲಿ ಹೇಳುವ ಮಾತಲ್ಲ ಇದು, ಮುಖ ನೋಡಿ ಹೇಳಬೇಕೆಂದು ನವೆಂಬರಿನ ಮೊದಲ ಶನಿವಾರ ಗೂಡ್ಸಿನಲ್ಲಿ ಹೋದೆ. ನೀನು ಹೆಲ್ಮಿಗೆ ಬರೆದ ಪತ್ರ ಹಿಂದಿನ ದಿನ, ಶುಕ್ರವಾರವೇ ಅಲ್ಲಿಗೆ ತಲುಪಿತ್ತು.

ಉರ್ಹೊ ಕಾಫಿ ಮಾಡಿ ಕೊಟ್ಟ. "ನಿಯಮ ಅಂದ್ರೆ ನಿಯಮ ಭಾವ, ನಾನಾಗಿದ್ರೂ ಹಿಂಗೇ ಮಾಡ್ತಿದ್ದೆ" ಎಂದ. ಮಾಡುತ್ತಿರಲಿಲ್ಲ. ನನಗೆ ಗೊತ್ತು, ಅವನಿಗೂ ಗೊತ್ತು. ಹೆಲ್ಮಿ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಸಹಿ ಮಾಡಲು ಡಿಸೆಂಬರ್ ಒಂಬತ್ತು ಕೊನೆಯ ದಿನ. ಮಾಡದಿದ್ದರೆ ಹಕ್ಕು ಬಿದ್ದುಹೋಗುತ್ತದೆ. ನನಗೆ ಕೆಲಸವಿಲ್ಲದೆ ಹೋದರೆ ನೀನು ಜನವರಿಯಲ್ಲಿ ಶಾಲೆ ಬಿಟ್ಟು ಬರಬೇಕಾಗುತ್ತದೆ. ಗೋಡೆಯ ಮೇಲೆ ಬಂದ ಹೆಸರನ್ನು ನಾನು ಅಳಿಸಲೇ?

ಇನ್ನೊಂದು ದಾರಿಯನ್ನೂ ಕಂಪನಿ ತೋರಿಸಿದೆ. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಎನ್ನಬೇಡ. ವಿನಿಪೆಗ್‌ನಲ್ಲಿ ಸಿಗ್ನಲ್ ರಿಪೇರಿಯ ಶಾಲೆ ತೆರೆಯುತ್ತಾರೆ, ಆರು ತಿಂಗಳು, ಅರ್ಧ ಸಂಬಳ. ಮುಗಿಸಿದವರಿಗೆ ಕೆಲಸ ಖಂಡಿತ. ಸೇರಲು ಡಿಸೆಂಬರ್ ನಾಲ್ಕರಂದು ಪರೀಕ್ಷೆ, ಓದು, ವಿದ್ಯುತ್ತು, ಲೆಕ್ಕ. ನಾನು ಹೋಗುವುದಿಲ್ಲ. ನಿನಗೆ ಎಂದೂ ಹೇಳಿಲ್ಲ. ಈ ದೇಶಕ್ಕೆ ಬಂದ ವರ್ಷ, ಇಂಗ್ಲಿಷ್ ಬಾರದೆಂದು ನನ್ನನ್ನು ಹನ್ನೊಂದನೇ ವಯಸ್ಸಿನಲ್ಲಿ ಆರು ವರ್ಷದ ಮಕ್ಕಳ ಜೊತೆ ಕೂರಿಸಿದರು. ಮೊಣಕಾಲು ಬೆಂಚಿನ ಕೆಳಗೆ ಹಿಡಿಸುತ್ತಿರಲಿಲ್ಲ. ಒಂದು ದಿನ ಲೆಕ್ಕ ತಪ್ಪಿದೆ ಎಂದು ಎಲ್ಲರ ಮುಂದೆ ನಿಲ್ಲಿಸಿದರು. ಮಕ್ಕಳು ನಕ್ಕರು. ಮಾರನೆಯ ದಿನದಿಂದ ಅಪ್ಪನ ಜೊತೆ ಮರ ಕಡಿಯಲು ಹೋದೆ. ಇಂಗ್ಲಿಷನ್ನು ಆಮೇಲೆ ತಂತಿಯ ಟಕಟಕದಲ್ಲಿ ಕಲಿತೆ, ಯಾರೂ ನನ್ನ ಮುಖ ನೋಡದ ಕಡೆ. ಮೂವತ್ತೈದು ವರ್ಷವಾಯಿತು ನನಗೆ. ಆ ಬೆಂಚಿಗೆ ಮತ್ತೆ ಹೋಗಲಾರೆ.

ನೀನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ನಿನಗೆ ಇದು ಸಣ್ಣ ವಿಷಯ ಎನಿಸಬಹುದು.

ರೇಯ್ನೊ

*

ವಿನಿಪೆಗ್
ನವೆಂಬರ್ 21

ರೇಯ್ನೊ,

ಸಣ್ಣ ವಿಷಯ ಎನಿಸಲಿಲ್ಲ. ಓದಿ ಅತ್ತೆ, ಆಮೇಲೆ ಕೋಪ ಬಂತು. ಎರಡೂ ಇನ್ನೂ ಹೋಗಿಲ್ಲ. ಹಾಗೆಯೇ ಬರೆಯುತ್ತಿದ್ದೇನೆ.

ಬೆಂಚು ಎಂಥದು, ಬೈಯುತ್ತಾರೆಯೇ, ಲೆಕ್ಕ ಇದೆಯೇ ಎಂದು ನೀನು ಸೆಪ್ಟೆಂಬರಿನಲ್ಲೇ ಕೇಳಿದ್ದೆ. ನೀನು ಕೇಳಿದ್ದು ನಿನಗಾಗಿ, ನಾನು ನನಗಾಗಿ ಎಂದುಕೊಂಡೆ. ಅದಕ್ಕೆ ಸುಳ್ಳು ಉತ್ತರ ಕೊಟ್ಟೆ. ಈಗ ನಿಜ ಹೇಳುತ್ತೇನೆ. ಲೆಕ್ಕ ಅದರ ಪಾಡಿಗೆ ನಡೆಯುತ್ತಿರಲಿಲ್ಲ ರೇಯ್ನೊ. ಮೊದಲ ಪರೀಕ್ಷೆಯಲ್ಲಿ ನಾನು ಫೇಲು, ಎರಡನೆಯದರಲ್ಲೂ ಫೇಲು. ಕಾಗದದ ಮೇಲಿನ ನನ್ನ ರೋಗಿಗೆ ಹತ್ತು ಪಟ್ಟು ಔಷಧ ಕೊಟ್ಟಿದ್ದೆ. ಮಿಸ್ ಡನ್‌ಬಾರ್ ನನ್ನನ್ನು ಕರೆದು, ಡಿಸೆಂಬರ್ ಹನ್ನೆರಡರ ಪರೀಕ್ಷೆಯಲ್ಲೂ ಹೀಗಾದರೆ ಮನೆಗೆ ಹೋಗಬೇಕಾಗುತ್ತದೆ ಎಂದಿದ್ದಾರೆ. ನೀನು ನನಗಾಗಿ ಒಬ್ಬನೇ ಅಲ್ಲಿ ಒಲೆ ಉರಿಸಿಕೊಂಡಿದ್ದೀಯ, ನಾನು ಇಲ್ಲಿ ಫೇಲಾಗುತ್ತಿದ್ದೇನೆ ಎಂದು ಹೇಗೆ ಬರೆಯಲಿ? ಅದಕ್ಕೇ ಪರದೆಯ ಮಾತು, ಪೈಯ ಮಾತು.

ಈಗ ಕೋಪದ ಮಾತು. ಕಳೆದ ವರ್ಷ ಕ್ಷಯದ ಆಸ್ಪತ್ರೆಗೆ ದೊಡ್ಡ ಒಗೆಯುವ ಯಂತ್ರ ಬಂದಾಗ ನಾನು ನಿನ್ನ ಸೌನಾದ ಮೆಟ್ಟಿಲ ಮೇಲೆ ಕುಳಿತು ಗೋಳಾಡಿದ್ದೆ. ಆಗ ನೀನು ಏನು ಹೇಳಿದೆ? "ಯಂತ್ರದ ಜೊತೆ ಜಗಳ ಆಡಿ ಗೆದ್ದೋರು ಯಾರೂ ಇಲ್ಲ ತೈಮಿ, ಬೇರೆ ಏನಾದ್ರೂ ಕಲಿ." ಅರ್ಜಿ ತರಿಸಿ ಕೊಟ್ಟವನು ನೀನು. ನಿನ್ನ ಹೆಂಡತಿಗೆ ಕೊಟ್ಟ ಬುದ್ಧಿ ನಿನಗೆ ಬೇಡವೇ? ಸ್ಟೋನಿ ನ್ಯಾರೋಸ್ ಎಷ್ಟು ದಿನ ಉಳಿದೀತು? ಎರಡು ವರ್ಷ, ಹೆಚ್ಚೆಂದರೆ ಮೂರು. ಆ ಕುರ್ಚಿಯೂ ಹೋಗುತ್ತದೆ, ಆಗ ನಿನಗೆ ಮೂವತ್ತೆಂಟು, ಉರ್ಹೊ ಮುಖ ತಿರುಗಿಸಿ ಮೂರು ವರ್ಷ, ಬೆಂಚು ಮಾತ್ರ ಅಲ್ಲೇ ಕಾಯುತ್ತಿರುತ್ತದೆ.

ನನ್ನ ತರಗತಿಯನ್ನು ಹೆಲ್ಮಿಯ ತೊಟ್ಟಿಲ ಜಾಗದಲ್ಲಿ ನಿಲ್ಲಿಸಬೇಡ. ನೀನು ಸಹಿ ಮಾಡಿದರೆ ನಾನು ಆ ಮನೆಯೊಳಗೆ ಕಾಲಿಡುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ, ಕಾಲು ಬರುವುದಿಲ್ಲ ಅಷ್ಟೆ.

ಇದರ ಜೊತೆ ಕಾಗದದ ಕಟ್ಟೊಂದಿದೆ. ನನಗೆ ಪರಾಸ್ಕ ಹೇಳಿಕೊಟ್ಟ ಲೆಕ್ಕಗಳು. ಅವಳ ಮಗ ಎಲೆಕ್ಟ್ರಿಕ್ ಕೆಲಸದವನು. ವಿದ್ಯುತ್ತಿನ ಲೆಕ್ಕಕ್ಕೂ ಔಷಧದ ಲೆಕ್ಕಕ್ಕೂ ಬುಡ ಒಂದೇ, ಭಿನ್ನರಾಶಿ ಎನ್ನುತ್ತಾನೆ. ಅವನು ಬರೆದುಕೊಟ್ಟ ಹತ್ತು ಲೆಕ್ಕಗಳನ್ನೂ ಇಟ್ಟಿದ್ದೇನೆ. ನಾನು ತಪ್ಪು ಮಾಡಿದ ಹಾಳೆಗಳನ್ನೂ ಇಟ್ಟಿದ್ದೇನೆ, ಕೆಂಪು ಶಾಯಿಯ ಸಮೇತ. ಬೇಕಾದರೆ ನಗು. ಇಲ್ಲಿ ಯಾರೂ ನಗಲಿಲ್ಲ. ಉಳಿದವರೆಲ್ಲ ತಮ್ಮ ತಮ್ಮ ಕೆಂಪು ಶಾಯಿ ನೋಡಿಕೊಳ್ಳುತ್ತಿದ್ದರು.

ತೈಮಿ

*

ಟಮರಾಕ್
ನವೆಂಬರ್ 30

ತೈಮಿ,

ಕಟ್ಟು ಸಿಕ್ಕಿತು. ಮೂರು ದಿನ ಬಿಚ್ಚಲಿಲ್ಲ. ಆಮೇಲೆ ನೀನು ತಪ್ಪು ಮಾಡಿದ ಹಾಳೆಗಳನ್ನು ಮೊದಲು ನೋಡಿದೆ. ಎರಡನೆಯದರಲ್ಲಿ ನೀನು ತಪ್ಪಿದ್ದು ಎಲ್ಲಿ ಎಂದು ನನಗೇ ಕಂಡಿತು. ಅದನ್ನು ಕಂಡ ಮೇಲೆ ಮೂರನೆಯದನ್ನು ಮಾಡಿ ನೋಡಿದೆ.

ರೈಲುಗಳ ನಡುವೆ ಮೇಜಿನ ಮೇಲೆ ಹರಡಿಕೊಂಡು ಮಾಡುತ್ತಿದ್ದೇನೆ. ವೇಯ್ಕೊ ಬಂದು ನೋಡಿ, "ಏನೋ ಇದು, ಗಡ್ಡ ನರೆಯೋ ಹೊತ್ತಲ್ಲಿ ಮಗ್ಗಿ ಕಲಿಯೋದಾ?" ಎಂದ. ನಾನು ಲೆಕ್ಕ ಮುಂದುವರಿಸಿದೆ. ಅವನು ಹೋಗಲಿಲ್ಲ. ಬಾಗಿಲಲ್ಲೇ ನಿಂತು, ನಾಲ್ಕನೇ ಲೆಕ್ಕ ಹೇಗೆ ಬಂತು ಎಂದು ಕೇಳಿದ. ಅವನ ಗ್ಯಾಂಗಿಗೂ ಯಂತ್ರ ಬರುತ್ತದಂತೆ.

ಪರೀಕ್ಷೆಗೆ ಹೋಗುತ್ತೇನೆ. ಮಾತು ಕೊಡುತ್ತಿಲ್ಲ, ಹೋಗುತ್ತೇನೆ ಎಂದಷ್ಟೇ ಹೇಳುತ್ತಿದ್ದೇನೆ. ಫಲಿತಾಂಶ ಎಂಟರೊಳಗೆ ಬರುತ್ತದೆ ಎಂದಿದ್ದಾರೆ. ತೇರ್ಗಡೆಯಾದರೆ ಶಾಲೆ. ಇಲ್ಲದಿದ್ದರೆ ಒಂಬತ್ತಕ್ಕೆ ಸಹಿ ಮಾಡುತ್ತೇನೆ. ಆಗ ನೀನು ನನ್ನ ಮೇಲೆ ಕೋಪ ಮಾಡಿಕೋ, ಆದರೆ ಓದು ಬಿಡಬೇಡ. ಎರಡೂ ಕೈ ಖಾಲಿ ಮಾಡಿಕೊಂಡು ಕೂರುವ ಧೈರ್ಯ ನನಗಿಲ್ಲ.

ನಿನ್ನ ಹನ್ನೆರಡರ ಪರೀಕ್ಷೆಗೆ: ದಶಾಂಶದ ಚುಕ್ಕೆಯನ್ನು ದಪ್ಪಗೆ ಇಡು. ನಿನ್ನ ಚುಕ್ಕೆಗಳು ಕಣ್ಣಿಗೇ ಕಾಣುವುದಿಲ್ಲ.

ರೇಯ್ನೊ

*

ಟಮರಾಕ್
ಡಿಸೆಂಬರ್ 10

ತೈಮಿ,

ನೀನು ಬೇರೆ ಯಾರಿಂದಲೋ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಈ ಸಲ ತಡ ಮಾಡಿಲ್ಲ.

ಪರೀಕ್ಷೆಯನ್ನು ನಮ್ಮ ಲೈನಿನಲ್ಲೇ, ಪಕ್ಕದ ಹಳಿಯಲ್ಲಿ ನಿಲ್ಲಿಸಿದ ಹಳೆಯ ರೈಲು ಡಬ್ಬಿಯೊಂದರಲ್ಲಿ ನಡೆಸಿದರು. ಬಾಗಿಲ ಹತ್ತಿರದ ಬೆಂಚಿನಲ್ಲೇ ಕುಳಿತೆ. ನನಗಿಂತ ಹಿರಿಯರು ನಾಲ್ವರಿದ್ದರು, ಅವರಲ್ಲೊಬ್ಬರು ಒತ್ತಿ ಬರೆದು ಪೆನ್ಸಿಲ್ ಮುರಿದುಕೊಂಡರು. ನನ್ನದನ್ನು ಎರಡು ತುಂಡು ಮಾಡಿ ಅರ್ಧ ಕೊಟ್ಟೆ. ಲೆಕ್ಕದಲ್ಲಿ ಕೊನೆಯ ಎರಡು ಬಿಟ್ಟೆ, ಅದರ ಹಿಂದಿನದು ಸರಿಯೋ ತಪ್ಪೋ ತಿಳಿಯದು.

ಎಂಟನೆಯ ತಾರೀಖು ಬಂತು, ಫಲಿತಾಂಶ ಬರಲಿಲ್ಲ. ಒಂಬತ್ತಕ್ಕೂ ಬರಲಿಲ್ಲ. ಸ್ಟೋನಿ ನ್ಯಾರೋಸಿನಾಚೆ ಪಶ್ಚಿಮಕ್ಕೆ ಹಿಮಪಾತ, ಟಪಾಲು ರೈಲು ನಿಂತಿದೆ. ಸಹಿ ಮಾಡಬೇಕಾದ ಕಾಗದ ಮೇಜಿನ ಮೇಲೆ ಇತ್ತು. ಸಂಜೆಯ ಗೂಡ್ಸಿನ ಗಾರ್ಡಿಗೆ ಅದನ್ನು ಕೊಟ್ಟರಾಯಿತು, ಮುಗಿಯಿತು. ತೇರ್ಗಡೆಯಾಗಿಲ್ಲ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಪೆನ್ನನ್ನೂ ತೆಗೆದೆ.

ಆಗ ತಂತಿಯಲ್ಲಿ ಉರ್ಹೊ ಬಂದ. ಗೂಡ್ಸು ಸ್ಟೋನಿ ನ್ಯಾರೋಸ್ ಬಿಟ್ಟಿತು ಎಂಬ ಮಾಮೂಲು ಸಂದೇಶ. ಅಷ್ಟು ನಿಧಾನವಾಗಿ, ಅಷ್ಟು ಎಚ್ಚರಿಕೆಯಿಂದ ಅವನು ಬಡಿದದ್ದು ಮೊದಲ ವರ್ಷ, ನಾನು ಪಕ್ಕದಲ್ಲಿ ನಿಂತು ಕಲಿಸುತ್ತಿದ್ದಾಗ. ತಪ್ಪು ಮಾಡಿದರೆ ಕೆಲಸ ಹೋಗುತ್ತದೆ ಎಂದು ಹೆದರಿದವನ ಕೈ ಅದು. ಆ ಕೈಯನ್ನು ಅಷ್ಟು ಹೆದರಿಸಿದವನು ನಾನು.

ಗೂಡ್ಸು ಬಂತು. "ಏನಾದ್ರೂ ಕೊಡೋದಿದ್ಯಾ ಮಾಸ್ತರೆ?" ಎಂದು ಗಾರ್ಡು ಕೇಳಿದ. ಇಲ್ಲ ಎಂದೆ.

ಹಕ್ಕು ಬಿದ್ದುಹೋಯಿತು. ಫಲಿತಾಂಶ ಏನೇ ಬರಲಿ, ಜನವರಿ ಒಂದರಿಂದ ನಾನು ತಂತಿ ಮಾಸ್ತರನಲ್ಲ. ಎರಡೂ ಕೈ ಖಾಲಿ. ನಿನ್ನನ್ನು ಕೇಳದೆ ಮಾಡಿದೆ.

ರೇಯ್ನೊ

*

ಟಮರಾಕ್
ಡಿಸೆಂಬರ್ 14

ತೈಮಿ,

ಟಪಾಲು ಬಂತು. ಓದಿನಲ್ಲಿ, ವಿದ್ಯುತ್ತಿನಲ್ಲಿ ತೇರ್ಗಡೆ. ಲೆಕ್ಕದಲ್ಲಿ ಎರಡು ಅಂಕ ಕಡಿಮೆ. ಆದರೂ ತೆಗೆದುಕೊಳ್ಳುತ್ತಾರೆ, ಒಂದು ಷರತ್ತಿನ ಮೇಲೆ. ಹಗಲು ಸಿಗ್ನಲ್ ಶಾಲೆ, ಸಂಜೆ ಹೈಸ್ಕೂಲಿನಲ್ಲಿ ದೊಡ್ಡವರಿಗೆಂದು ನಡೆಸುವ ಲೆಕ್ಕದ ತರಗತಿ. ಮಾರ್ಚಿನಲ್ಲಿ ಅದರ ಪರೀಕ್ಷೆ. ಅದರಲ್ಲಿ ಫೇಲಾದರೆ ಹೊರಗೆ.

ಇದು ಗೆದ್ದದ್ದೋ ಸೋತದ್ದೋ ನನಗೆ ತಿಳಿಯುತ್ತಿಲ್ಲ. ವೇಯ್ಕೊ ಗೆದ್ದದ್ದು ಎನ್ನುತ್ತಾನೆ. ಹೈಸ್ಕೂಲಿನ ಬೆಂಚು ಎಷ್ಟು ಎತ್ತರವಿರುತ್ತದೆ, ವಿಚಾರಿಸು.

ನಿನ್ನ ಹನ್ನೆರಡರ ಸುದ್ದಿ ಬರಲಿಲ್ಲ. ತಡವಾಗುತ್ತಿರುವುದಕ್ಕೆ ಹಿಮವೇ ಕಾರಣವೆಂದುಕೊಂಡಿದ್ದೇನೆ. ಬೇರೆ ಕಾರಣವಿದ್ದರೂ ಬರೆ.

ರೇಯ್ನೊ

*

ವಿನಿಪೆಗ್
ಡಿಸೆಂಬರ್ 17

ನನ್ನ ರೇಯ್ನೊ,

ಕಾರಣ ಹಿಮವೇ. ಪಾಸಾದೆ. ಬಹಳ ಮೇಲೇನಲ್ಲ, ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಷ್ಟು, ಆದರೂ ಒಳಗಿದ್ದೇನೆ. ಚುಕ್ಕೆಗಳನ್ನು ನೊಣದಷ್ಟು ದಪ್ಪ ಇಟ್ಟಿದ್ದೆ. ಇದೇನು ಎಂದು ಮಿಸ್ ಡನ್‌ಬಾರ್ ಕೇಳಿದರು. ನನ್ನ ಗಂಡ ಹೇಳಿದ್ದು ಎಂದೆ. ನಿಮ್ಮ ಗಂಡ ಏನು ಮಾಡುತ್ತಾರೆ ಎಂದರು. ವಿದ್ಯಾರ್ಥಿ ಎಂದೆ. ಅವರ ಮುಖ ನೋಡಬೇಕಿತ್ತು ನೀನು.

ನಿನ್ನ ಹತ್ತನೆಯ ತಾರೀಖಿನ ಪತ್ರವನ್ನು ನಾನು ಪರಾಸ್ಕಳಿಗೆ ಓದಿ ಹೇಳಿದೆ, ತಪ್ಪಾಗಿದ್ದರೆ ಕ್ಷಮಿಸು. ಅವಳು ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ, "ಇಬ್ರಿಗೂ ಒಂದೇ ಮೇಜು ಸಾಕಾಗಲ್ಲ, ನನ್ನ ಮನೇದು ತಗೊಂಡೋಗು" ಎಂದಳು. ಮಿಸೆಸ್ ಟೇಟ್ ಮೇಲಿನ ದೊಡ್ಡ ಕೋಣೆ ಕೊಡಲು ಒಪ್ಪಿದ್ದಾಳೆ. ಅಲ್ಲಿ ಸೌನಾ ಇಲ್ಲ, ಆಲೂಗಡ್ಡೆಯ ಹೊಲವಿಲ್ಲ, ಗೋಡೆಯಾಚೆ ಟ್ರಾಮಿನ ಬದಲು ಈಗ ಬಸ್ಸು ಗುಡುಗುತ್ತದೆ. ನಿನಗೆ ಮೊದಲ ವಾರ ಹಿಡಿಸುವುದಿಲ್ಲ, ಎರಡನೆಯ ವಾರವೂ ಹಿಡಿಸಲಿಕ್ಕಿಲ್ಲ. ಮಾರ್ಚಿನಲ್ಲಿ ಫೇಲಾದರೆ ಏನು ಎಂದು ನೀನು ಯೋಚಿಸುತ್ತಿರುತ್ತೀಯ. ನಾನೂ ಯೋಚಿಸುತ್ತಿದ್ದೇನೆ. ಫೇಲಾದವನ ಜೊತೆ ಹೇಗಿರಬೇಕು ಎಂಬುದು ಈ ತರಗತಿಯವರಿಗೆಲ್ಲ ಚೆನ್ನಾಗಿ ಗೊತ್ತು, ಅದೊಂದು ಧೈರ್ಯ.

ಹೆಲ್ಮಿಗೆ ನಾಲ್ಕು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ನೀನು ಸಹಿ ಮಾಡಲಿಲ್ಲ ಎಂದು ಉರ್ಹೊಗೆ ತಿಳಿದಿರುತ್ತದೆ, ಅವಳಿಗೂ ತಿಳಿದಿರುತ್ತದೆ. ಆದರೆ ಒಂದು ತಿಂಗಳಿಗೂ ಹೆಚ್ಚು ಕಾಲ ಅವಳು ಆ ಮನೆಯಲ್ಲಿ ಗಂಟುಮೂಟೆಯ ನಡುವೆ ಮಲಗಿದ್ದಾಳೆ. ಅದನ್ನು ಯಾವ ಪತ್ರವೂ ಸರಿಮಾಡುವುದಿಲ್ಲ, ಅದರಲ್ಲೂ ನನ್ನ ಪತ್ರ. ಅವಳಿಗೆ ಇದು ಒಂಬತ್ತನೆಯ ತಿಂಗಳು. ಹತ್ತಿರದ ಡಾಕ್ಟರು ಮೂರು ಸ್ಟೇಷನ್ ಆಚೆ, ಹಿಮ ಬಿದ್ದರೆ ಅದೂ ಇಲ್ಲ. ನಾನು ಕಲಿತದ್ದು ಇನ್ನೂ ಅರ್ಧವೇ, ಆದರೆ ಕಾಲು ಊದಿದೆಯೇ, ತಲೆ ಸುತ್ತುತ್ತಿದೆಯೇ, ಯಾವಾಗ ಹೆದರಬೇಕು, ಯಾವಾಗ ಬೇಡ ಎಂದು ನೋಡುವಷ್ಟು ಕಲಿತಿದ್ದೇನೆ. ಅವಳು ಬಾಗಿಲು ತೆರೆದರೆ ನೋಡುತ್ತೇನೆ. ತೆರೆಯದಿದ್ದರೆ ನಿನ್ನಂತೆ ಉರ್ಹೊನ ಕಾಫಿ ಕುಡಿದು, ಅವಳಿರುವ ಕೋಣೆಯ ಬಾಗಿಲಿಗೆ ಮುಖ ಮಾಡಿ, ಹೇಳಬೇಕಾದದ್ದನ್ನು ಹೇಳಿ ಬರುತ್ತೇನೆ.

ಆದ್ದರಿಂದ ಕೇಳು, ಬೇಸರ ಮಾಡಿಕೊಳ್ಳಬೇಡ. ರಜೆಗೆ ನಾನು ನೇರವಾಗಿ ನಿನ್ನ ಹತ್ತಿರ ಬರುತ್ತಿಲ್ಲ. ಮೊದಲು ಸ್ಟೋನಿ ನ್ಯಾರೋಸಿನಲ್ಲಿ ಇಳಿಯುತ್ತೇನೆ, ಅಲ್ಲಿಂದ ಮಾರನೆಯ ದಿನ ಗೂಡ್ಸಿನ ಗಾರ್ಡಿನ ಡಬ್ಬಿಯಲ್ಲಿ ಟಮರಾಕಿಗೆ. ನೀನು ಗಂಟು ಕಟ್ಟಲು ಶುರು ಮಾಡಿರು. ಉರ್ಹೊಗೆ ನೀನೇ ತಂತಿಯಲ್ಲಿ ತಿಳಿಸು, ಈ ಸಲ ಲೈನಿನವರೆಲ್ಲ ಕೇಳಿದರೂ ಪರವಾಗಿಲ್ಲ: ಇಪ್ಪತ್ತೆರಡು, ಶುಕ್ರವಾರ, ಪೂರ್ವಕ್ಕೆ ಹೋಗುವ ನಾಲ್ಕನೇ ನಂಬರಿನ ರೈಲು.

ತೈಮಿ